ಮನ್‌ಪೋರ್ಟ್ ಬಂಡೆಯ ಮೇಲಿನ ಬಿಸಿಲು

9 ಫೆಬ್ರವರಿ 2025, ಭಾನುವಾರ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿರುವ ಚಿತ್ರಗಳ ಪೈಕಿ ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ‘ಮನ್‌ಪೋರ್ಟ್’ ಚಿತ್ರವನ್ನು ಇಂದು ಬೆಳಗಿನಿಂದ ಹಿಗ್ಗಿಸಿಯೂ ಕುಗ್ಗಿಸಿಯೂ ನೋಡುತ್ತಿದ್ದೇನೆ. 1883ರ ಫೆಬ್ರವರಿಯ ಬಹುಪಾಲನ್ನು ಮೊನೆ ಕಳೆದದ್ದು ಫ್ರಾನ್ಸಿನ ನಾರ್ಮಂಡಿಯ ಕಡಲಂಚಿನ ಎತ್ರೆತಾ ಎಂಬ ಊರಿನಲ್ಲಿ. ಅಲ್ಲಿ ಕಡಲಿಗೆ ಕಾಲಿಳಿಸಿ ನಿಂತಿರುವ ಮೂರು ಕಲ್ಲಿನ ಕಮಾನುಗಳಲ್ಲಿ ಮನ್‌ಪೋರ್ಟ್ ಒಂದು.

ಈ ಕರಾವಳಿಯದು ಸೀಮೆಸುಣ್ಣದ ಬಿಳಿಬಂಡೆ. ಅದರ ನಡುನಡುವೆ ಚಕಮಕಿ ಕಲ್ಲಿನ ಪದರಗಳು ಅಡ್ಡಲಾಗಿ ಹಾಯುತ್ತವೆ. ಬಿಳಿಕಲ್ಲಿಗೆ ತನ್ನದೆಂಬ ಬಣ್ಣ ಕಡಿಮೆಯಾದ್ದರಿಂದ ಹೊತ್ತು ಹೊತ್ತಿನ ಬಿಸಿಲು ತಂದ ಬಣ್ಣವನ್ನೆಲ್ಲ ಅದು ಉಟ್ಟುಕೊಳ್ಳುತ್ತದೆ. ಮೊನೆ ಹಿಡಿದಿರುವುದು ಈ ಗುಣವನ್ನೇ: ಬಿಸಿಲು ತಾಕಿದಲ್ಲಿ ಕೆನೆಬಣ್ಣ, ನಸುಗೆಂಪು, ತಿಳಿಕಿತ್ತಳೆ, ನೆರಳಿನಲ್ಲಿ ಕಪ್ಪಿನ ಬದಲು ನೀಲಿ ಮತ್ತು ನೇರಳೆ. ಕೆಳಗಿನ ನೀರಿನಿಂದ ಮರಳಿ ಚಿಮ್ಮಿದ ಬೆಳಕು ನೆರಳಿನೊಳಗೂ ಆಡುತ್ತಿರುವುದರಿಂದ, ಎಲ್ಲಿ ಬಿಸಿಲು ಮುಗಿದು ಎಲ್ಲಿ ನೆರಳು ಮೊದಲಾಯಿತೆಂದು ಗೆರೆ ಎಳೆದು ಹೇಳುವುದು ಕಷ್ಟ.

ಇಲ್ಲಿ ಬೆಳಕು ಬಂಡೆಯನ್ನು ಕರಗಿಸಿಬಿಟ್ಟಿದೆ ಎನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಇದೇ ಎತ್ರೆತಾವನ್ನು ಗುಸ್ತಾವ್ ಕೂರ್ಬೆ 1869ರಲ್ಲಿ ಚಿತ್ರಿಸಿದ್ದ; ಅವನ ಬಂಡೆಗೆ ಕೈಯಿಟ್ಟರೆ ತಣ್ಣಗೆ ತಾಕೀತು ಎನ್ನಿಸುವಷ್ಟು ತೂಕವಿದೆ. ಅವನು ಅಷ್ಟು ಚೆನ್ನಾಗಿ ಬರೆದ ಮೇಲೆ ತಾನು ಈ ಬಂಡೆಗೆ ಕೈಹಾಕುವುದು ದುಸ್ಸಾಹಸವೇ ಸರಿ ಎಂದು ಮೊನೆ, ಮುಂದೆ ತನ್ನ ಹೆಂಡತಿಯಾದ ಆಲಿಸ್ ಒಶ್ದೆಗೆ ಪತ್ರ ಬರೆದಿದ್ದುಂಟು. ಆ ತೂಕವನ್ನು ಮೊನೆ ಪೂರ್ತಿ ಬಿಟ್ಟುಕೊಟ್ಟಿಲ್ಲ. ಚಕಮಕಿಯ ಪದರಗಳ ಜಾಡಿನಲ್ಲೇ ಕುಂಚವನ್ನು ಅಡ್ಡಡ್ಡ ಎಳೆದಿರುವುದರಿಂದ ಬಣ್ಣಗಳು ಎಷ್ಟೇ ನಡುಗಿದರೂ ಕಲ್ಲಿನ ಕಟ್ಟು ಸಡಿಲವಾಗುವುದಿಲ್ಲ. ಕಮಾನಿನಡಿ ನಿಂತ ಎರಡು ಪುಟ್ಟ ಆಕೃತಿಗಳನ್ನು ಬೆರಳಿನಿಂದ ಮುಚ್ಚಿ ನೋಡಿದೆ. ಬಂಡೆಯ ಗಾತ್ರವೇ ಕೈತಪ್ಪಿಹೋಯಿತು.

ಬೆಳಕಿಗಾಗಿ ಅಷ್ಟು ಹತ್ತಿರ ಹೋಗುವುದಕ್ಕೆ ಬೆಲೆಯೂ ಇತ್ತು. 1885ರ ನವೆಂಬರಿನಲ್ಲಿ ಇದೇ ಕಮಾನಿನ ಬಳಿ, ನೀರು ಇಳಿಯುತ್ತಿದೆಯೆಂದು ನಂಬಿ ಕೆಲಸದಲ್ಲಿ ಮುಳುಗಿದ್ದ ಅವನನ್ನು ಏರುಬ್ಬರದ ಅಲೆಯೊಂದು ಬಂಡೆಗೆ ಅಪ್ಪಳಿಸಿ ಎಳೆದೊಯ್ದಿತು. ಕೈಕಾಲೂರಿ ತೆವಳಿ ಮೇಲೆ ಬಂದಾಗ ಕ್ಯಾನ್ವಾಸೂ ಈಸೆಲ್ಲೂ ಕಡಲ ಪಾಲಾಗಿದ್ದವು, ಗಡ್ಡದ ತುಂಬ ನೀಲಿ, ಹಳದಿ ಬಣ್ಣ ಮೆತ್ತಿತ್ತು. 1886ರ ತಾರೀಖಿರುವ ಇನ್ನೊಂದು ಮನ್‌ಪೋರ್ಟ್, ನಿಲುವಾದ ಕ್ಯಾನ್ವಾಸಿನದು, ಅದೇ ಮ್ಯೂಸಿಯಂನಲ್ಲಿದೆ. ಅದು ಇದಕ್ಕಿಂತ ಧೈರ್ಯದ ಚಿತ್ರ. ಆದರೂ ನನ್ನ ಮನಸ್ಸು ಈ ಮೊದಲನೆಯದರ ಕಡೆಗೇ ವಾಲುತ್ತದೆ.