ಭೀಮೆ ಇಳಿಯುವಾಗ ಪಾರ್ಕಿನ ಪರೀಕ್ಷೆ

ಹೊಳೆದಂಡೆಯ ಪಾರ್ಕು ನೀರು ಏರುವಾಗ ಕೆಡುವುದಕ್ಕಿಂತ ಇಳಿಯುವಾಗ ಕೆಡುವುದೇ ಹೆಚ್ಚು. ಯಾದಗಿರಿಯಲ್ಲಿ ಭೀಮೆಯ ದಂಡೆಗೆ ನಕ್ಷೆ ಹಾಕುವವರು ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕು. ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ನೀರು ಬಿಟ್ಟರೆ ಹೊಳೆ ತುಂಬುತ್ತದೆ. 2020ರಲ್ಲಿ ದೊಡ್ಡ ಪ್ರವಾಹ ಬಂದದ್ದು ಅಕ್ಟೋಬರ್‌ನಲ್ಲಿ. ಮೇಲೆ ಗೇಟು ಇಳಿಸಿದರೆ ಇಲ್ಲಿ ಹೊಳೆಯೂ ಸರಸರ ಇಳಿಯುತ್ತದೆ.

ಆದರೆ ದಿನಗಟ್ಟಲೆ ನೆನೆದ ಎರೆಮಣ್ಣು ತನ್ನೊಳಗಿನ ನೀರನ್ನು ಅಷ್ಟು ಬೇಗ ಬಿಡುವುದಿಲ್ಲ. ಹೊರಗೆ ಆಸರೆಯಾಗಿದ್ದ ನೀರು ಹೋಗಿರುತ್ತದೆ, ಒಳಗಿನ ಒತ್ತಡ ಹಾಗೇ ಇರುತ್ತದೆ. ದಂಡೆ ಹೋಳುಹೋಳಾಗಿ ಜಾರುವುದು, ನೆಟ್ಟಗೆ ಕಟ್ಟಿದ ಕಾಂಕ್ರೀಟ್ ಗೋಡೆ ಹೊಳೆಯತ್ತ ವಾಲುವುದು, ಎರಡಕ್ಕೂ ಇದೇ ಕಾರಣ. ಜಾಗವಿದ್ದಲ್ಲಿ 1 ಮೀಟರ್ ಎತ್ತರಕ್ಕೆ 3 ಮೀಟರ್ ಅಡ್ಡ ಬಿಟ್ಟು ಇಳಿಜಾರು ಮಾಡಿ, ಲಾವಂಚ, ಗರಿಕೆ, ಲಕ್ಕಿ ಹಚ್ಚಿ. ಬೇರು ಹಿಡಿಯಲು ಒಂದು ಮಳೆಗಾಲವಾದರೂ ಬೇಕು; ಉದ್ಘಾಟನೆಗೆ ಹಿಂದಿನ ವಾರ ಹಾಸಿದ ಹುಲ್ಲು ಮೊದಲ ಹೊಳೆಗೇ ಸುರುಳಿ ಸುತ್ತಿಕೊಂಡು ಹೋಗುತ್ತದೆ.

ಜಾಗ ಇಕ್ಕಟ್ಟಾದಲ್ಲಿ ಗೇಬಿಯನ್, ಅಂದರೆ 2×1×1 ಮೀಟರ್ ತಂತಿ ಪೆಟ್ಟಿಗೆಗಳು, ಒಳಗೆ 15ರಿಂದ 25 ಸೆಂ.ಮೀ. ಗಾತ್ರದ ಗ್ರಾನೈಟ್ ಕಲ್ಲು. ಅಗ್ಗಕ್ಕೆ ಸಿಗುತ್ತದೆಂದು ಶಹಾಬಾದ್ ಪರಸಿಯ ಚೂರು ತುಂಬಬೇಡಿ, ಚಪ್ಪಟೆ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಬೆನ್ನಿಗೆ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಲೇಬೇಕು. ಅದಿಲ್ಲದಿದ್ದರೆ ಮಣ್ಣು ಕಲ್ಲಿನ ಸಂದಿಯಿಂದ ಸೋರಿ, ಮೇಲಿನ ನಡೆದಾರಿ ಟೊಳ್ಳಾಗಿ ಕುಸಿಯುತ್ತದೆ. ಬುಡದಿಂದ ಹೊಳೆಯ ಕಡೆಗೆ 30 ಸೆಂ.ಮೀ. ದಪ್ಪದ ಕಲ್ಲುಹಾಸನ್ನು ತಂತಿ ಬಲೆಯಲ್ಲೇ ಬಿಗಿದು ಚಾಚಬೇಕು; ನೀರು ತಳ ಕೊರೆದರೆ ಅದು ಬಾಗಿ ಗುಂಡಿಯನ್ನು ಮುಚ್ಚಿಕೊಳ್ಳುತ್ತದೆ. ಬಿಡಿಗಲ್ಲು ಹಾಸುವುದಾದರೆ ಲೆಕ್ಕ ಬೇರೆ: ನೀರಿನ ವೇಗ ಎರಡು ಪಟ್ಟಾದರೆ ಕಲ್ಲಿನ ಅಡ್ಡಳತೆ ನಾಲ್ಕು ಪಟ್ಟು, ತೂಕ 64 ಪಟ್ಟು ಬೇಕಾಗುತ್ತದೆ. ಹೊಳೆ ತಿರುವಿನಲ್ಲಿ ಕಣ್ಣಂದಾಜು ಸಾಲದು ಅನ್ನುವುದು ಇದಕ್ಕೇ.

ಇನ್ನು ಕಟಾಂಜನ. ಗುತ್ತಿಗೆದಾರರಿಗೆ ಜಾಲರಿ ಬೇಲಿ ಅಂದರೆ ಬಲು ಪ್ರೀತಿ. ಪ್ರವಾಹದಲ್ಲಿ ಜೋಳದ ಕಣಿಕೆ, ಜಾಲಿ ಕೊಂಬೆ, ಪ್ಲಾಸ್ಟಿಕ್ ಎಲ್ಲ ಬಂದು ಅದಕ್ಕೆ ಸಿಕ್ಕಿಕೊಂಡರೆ ಬೇಲಿಯೇ ಸಣ್ಣ ಒಡ್ಡಾಗುತ್ತದೆ, ಕಂಬ ಬುಡಸಮೇತ ಮಗುಚುತ್ತದೆ. ಪಾರ್ಕಿನ ಕೆಳಹಂತಕ್ಕೆ, ಅಂದರೆ ಹೊಳೆಗೆ ಹತ್ತಿರ ಇದ್ದು ಪ್ರವಾಹದಲ್ಲಿ ಮುಳುಗುವ ಭಾಗಕ್ಕೆ, ಕಲ್ಲುಗಂಬ, ನಡುವೆ ಕಳಚಿಡಬಹುದಾದ ಸರಪಳಿ ಸಾಕು.

ವಿದ್ಯುತ್ ಡಬ್ಬಿ, ಶೌಚಾಲಯ, ಜಿಮ್ ಸಲಕರಣೆ ಮೂರೂ ಮೇಲಿನ ಹಂತದಲ್ಲೇ ಇರಲಿ. ಕೆಳಹಂತದ ಕೇಬಲ್ಲಿಗೆ ನಡುವೆ ಜಾಯಿಂಟ್ ಬೇಡ, ಅದರ ಸಾಲಿಗೆ ಪ್ರತ್ಯೇಕ ಸ್ವಿಚ್ಚು, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರಬೇಕು. ಮರಕ್ಕೆ ಹೊಳೆಮತ್ತಿ, ನೇರಳೆ, ಹೊಂಗೆ ಒಳ್ಳೆಯವು. ಗುಲ್‌ಮೊಹರ್ ರಸ್ತೆ ಕಡೆಗೂ ಬೇಡ, ಕೊಂಬೆ ಮುರಿಯುತ್ತವೆ.

ನಕ್ಷೆಯಲ್ಲಿ ಬಹುತೇಕ ಎಲ್ಲರೂ ಮರೆಯುವುದು ಹೂಳು ತೆಗೆಯಲು ಟ್ರ್ಯಾಕ್ಟರ್ ಇಳಿಯುವ ದಾರಿ. 3.5 ಮೀಟರ್ ಅಗಲ, 10 ಮೀಟರಿಗೆ 1 ಮೀಟರಿಗಿಂತ ಹೆಚ್ಚು ಇಳಿಜಾರು ಬೇಡ, ಮೇಲೆ ಗರಸು ಕುಟ್ಟಿ ಒರಟು ಕಲ್ಲು ಹಾಸಬೇಕು. ನೀರು ಇಳಿದ ಎರಡು ಮೂರು ದಿನದೊಳಗೆ, ಹಸಿಯಿದ್ದಾಗಲೇ, ಹೂಳನ್ನು ಸಲಿಕೆಯಿಂದ ಎಳೆದು, ಪಂಪಿನ ನೀರಲ್ಲಿ ತೊಳೆಯಬೇಕು. ಬಿಸಿಲಿಗೆ ಒಣಗಿದ ಮೇಲೆ ಹಾರೆಯಿಂದ ಕೀಳಬೇಕಾಗುತ್ತದೆ, ಆಗ ಪರಸಿಯೂ ಜೊತೆಗೇ ಏಳುತ್ತದೆ.