ಮ್ಯಾಪ್‌ಗೆ ಹೇಳಿದ್ದು ಯಾರು?

"ಮ್ಯಾಪ್ ಇಲ್ಲೇ ತೋರಿಸ್ತಿದೆ ಸಾರ್, ನಾನೇನ್ ಮಾಡ್ಲಿ?"

"ಮ್ಯಾಪ್‌ಗೆ ಹೇಳಿದ್ದು ಯಾರಪ್ಪಾ?"

ಮಂಗಳವಾರ ಸಂಜೆಯಿಂದ ಈ ಎರಡು ಮಾತು ತಲೆಯಿಂದ ಇಳಿಯುತ್ತಿಲ್ಲ. ಮೊದಲನೆಯದು ಬೆನ್ನಿಗೆ ಊಟದ ಬ್ಯಾಗ್ ಹಾಕಿಕೊಂಡ ಸ್ಕೂಟರ್ ಹುಡುಗನದು, ಎರಡನೆಯದು ಎದುರುಮನೆ ಮೇಷ್ಟ್ರದ್ದು. ಮುಖ್ಯರಸ್ತೆಯನ್ನು ವೈಟ್ ಟಾಪಿಂಗ್‌ಗೆಂದು, ಅಂದರೆ ಕಾಂಕ್ರೀಟ್ ಹಾಸಲು, ಅಗೆದಾಗಿನಿಂದ ಬೆಂಗಳೂರಿನ ಹನುಮಂತನಗರದ ನಮ್ಮ ಅಡ್ಡರಸ್ತೆಯಲ್ಲಿ ಸಂಜೆಯಾದರೆ ಫೋನಿನ ಮ್ಯಾಪ್ ನೋಡಿಕೊಂಡು ನುಗ್ಗುವ ಕಾರು, ಟೆಂಪೊ, ಕ್ಯಾಬುಗಳ ಜಾತ್ರೆ. ಮೇಷ್ಟ್ರು ಎರಡು ಸಿಮೆಂಟ್ ಕುಂಡ ತಂದು ರಸ್ತೆಗೆ ಅಡ್ಡ ಇಟ್ಟುಬಿಟ್ಟರು. ತಪ್ಪೇ, ನಿಜ. ಆದರೆ ಅವರಷ್ಟು ಸಭ್ಯಸ್ಥರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಹಾರ್ನ್ ಕೇಳಿ ಕೇಳಿ ಈ ಮಟ್ಟಕ್ಕೆ ಬಂದರು.

ಹುಡುಗನನ್ನೂ ಬೈಯುವಂತಿಲ್ಲ. ಫೋನಿನಲ್ಲಿ ಅವನ ನಿಮಿಷಗಳು ಕರಗುತ್ತಿದ್ದವು. ಉತ್ತರ ಹೇಳದೆ ಕುಂಡಗಳ ಸಂದಿಯಲ್ಲೇ ನುಗ್ಗಿಸಿಕೊಂಡು ಹೋದ.

ಯಾರು ಹೇಳಿದ್ದು? ಒಂದು ರಸ್ತೆಯನ್ನು ಏಕಮುಖ ಮಾಡಬೇಕಾದರೆ ಪೊಲೀಸರ ಆದೇಶ ಬೇಕು, ಒಪ್ಪದಿದ್ದರೆ ಕೋರ್ಟಿಗೆ ಹೋಗಬಹುದು. ಮ್ಯಾಪು ಆದೇಶ ಗೀದೇಶ ಏನೂ ಹೊರಡಿಸಲ್ಲ. ಒಬ್ಬೊಬ್ಬರಿಗೂ ನಾಲ್ಕು ನಿಮಿಷ ಉಳಿಸಿಕೊಡುತ್ತಾ ಇಡೀ ಬೀದಿಯನ್ನೇ ಬದಲಾಯಿಸಿಬಿಡುತ್ತೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಲಿಯೋನಿಯಾ ಅಂತ ಪುಟ್ಟ ಊರಿದೆ. ಜಾರ್ಜ್ ವಾಷಿಂಗ್ಟನ್ ಸೇತುವೆಗೆ ಹೋಗುವ ಕಾರುಗಳನ್ನು ಆ್ಯಪ್‌ಗಳು ಅದರ ಒಳಬೀದಿಗಳಿಗೆ ನುಗ್ಗಿಸುತ್ತಿದ್ದವು. ಊರಿನವರು 2018ರಲ್ಲಿ ಸುಮಾರು 60 ಬೀದಿಗಳನ್ನು ದಟ್ಟಣೆಯ ಹೊತ್ತಿನಲ್ಲಿ ಹೊರಗಿನವರಿಗೆ ಮುಚ್ಚಿದರು. ರಾಜ್ಯದ ಸಾರಿಗೆ ಇಲಾಖೆಯ ಒಪ್ಪಿಗೆ ಪಡೆದಿಲ್ಲ ಅಂತ ಅದೇ ವರ್ಷ ಕೋರ್ಟು ಆ ನಿಯಮ ರದ್ದು ಮಾಡಿತು. ಊರಿಗೆ ಒಪ್ಪಿಗೆ ಬೇಕಂತೆ, ಆ್ಯಪ್‌ಗೆ ಬೇಡ!

ಅಲ್ಲಿ ಮುಚ್ಚುವುದಕ್ಕೆ ಚುನಾಯಿತ ಕೌನ್ಸಿಲ್ಲಾದರೂ ಇತ್ತು. ನಮ್ಮ 198 ವಾರ್ಡುಗಳ ಕಾರ್ಪೊರೇಟರುಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಚುನಾವಣೆಯಿಲ್ಲದೆ ಐದು ವರ್ಷ ಕಳೆದು, 2025ರಲ್ಲಿ ಒಂದು ಪಾಲಿಕೆ ಐದಾಯಿತು. ಆಗಲೂ ಕಾರ್ಪೊರೇಟರುಗಳು ಮಾತ್ರ ಹುಟ್ಟಲಿಲ್ಲ. ಅವರೇನು ಸಾಧುಸಂತರಾಗಿರಲಿಲ್ಲ ಬಿಡಿ. ಆದರೂ ಬೆಳಿಗ್ಗೆ ಹತ್ತು ಜನ ಹೋಗಿ ಮನೆ ಬಾಗಿಲಲ್ಲಿ ನಿಂತರೆ ಹೊರಗೆ ಬರಲೇಬೇಕಿತ್ತು. ಮ್ಯಾಪಿನ ಮನೆ ಬಾಗಿಲು ಎಲ್ಲಿದೆ?

ನಮ್ಮ ಅಸೋಸಿಯೇಷನ್ ಸೆಕ್ರೆಟರಿ ಚುರುಕು, ಬೇಕಾದ್ದಕ್ಕಿಂತ ಚೂರು ಜಾಸ್ತಿನೇ. ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರು: ಎಲ್ಲರೂ ಒಟ್ಟಿಗೆ ಮ್ಯಾಪಿನಲ್ಲಿ 'ರಸ್ತೆ ಬಂದ್' ಅಂತ ರಿಪೋರ್ಟ್ ಮಾಡಿ. ಸಾಲುಸಾಲು ಹೆಬ್ಬೆಟ್ಟು ಬಿದ್ದವು. ಟ್ರಾಫಿಕ್ಕಿಗಿಂತ ಈ ಹೆಬ್ಬೆಟ್ಟುಗಳೇ ನನ್ನನ್ನು ಹೆಚ್ಚು ಹೆದರಿಸಿದವು. ಎಲ್ಲರ ತೆರಿಗೆಯಲ್ಲಿ ಹಾಕಿದ ರಸ್ತೆಯನ್ನು ನಾವೊಂದಿಷ್ಟು ಜನ ಸುಳ್ಳು ಹೇಳಿ ಮುಚ್ಚಿಬಿಡುವುದೇ? ಗಾಡಿಗಳೇನು ಮಾಯವಾಗುತ್ತವೆಯೇ? ಹಿಂದಿನ ಅಡ್ಡರಸ್ತೆಗೆ ತಿರುಗುತ್ತವೆ. ಅಲ್ಲಿ ಅಂಗನವಾಡಿ ಇದೆ, ವಠಾರದ ಮಕ್ಕಳು ಆಡುವುದೇ ರಸ್ತೆಯಲ್ಲಿ. ಗುಂಪಿನಲ್ಲಿ ಇಷ್ಟನ್ನೇ ಬರೆದೆ.

"ಅವ್ರೂ ರಿಪೋರ್ಟ್ ಮಾಡ್ಲಿ ಬಿಡಿ ಮೇಡಂ" ಅಂತ ಸೆಕ್ರೆಟರಿಯ ಉತ್ತರ ಬಂತು, ಕೈಮುಗಿದ ಎಮೋಜಿ ಸಮೇತ.