ಅಂಗಳಕ್ಕೆ ಬಿಟ್ಟರೆ ಪಾಠ ಎಲ್ಲಿ ನಡೆಯುತ್ತೆ?

ಮೈಸೂರು, ಮಂಡ್ಯ ಕಡೆಯ ಮೇಷ್ಟ್ರುಗಳು, ಮಿಸ್‌ಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೂವತ್ತು ಮಕ್ಕಳನ್ನ ಹೊರಗೆ ಕರ್ಕೊಂಡು ಹೋದ್ರೆ ಬರೀ ಗಲಾಟೆ. ಪಾಠ ಎಲ್ಲಿ ನಡೆಯುತ್ತೆ?"

"ಸುತ್ತಮುತ್ತ ಏನಿದೆ ನೋಡಿ" ಎಂದು ಬಿಟ್ಟರೆ ಗಲಾಟೆ ಆಗಿಯೇ ಆಗುತ್ತದೆ. ಏಳು ವರ್ಷದ ಮಗುವಿಗೆ ಎಲ್ಲಿಂದ ನೋಡಬೇಕೆಂದೇ ತಿಳಿಯದು, ಓಡುತ್ತದೆ. ನೋಡುವ ಜಾಗವನ್ನು ಕಿರಿದು ಮಾಡಿ.

ಸೆಣಬಿನ ಹುರಿಯನ್ನು 3.25 ಮೀಟರ್ ಉದ್ದಕ್ಕೆ ಕತ್ತರಿಸಿ ತುದಿಗಳನ್ನು ಗಂಟು ಹಾಕಿದರೆ ಸುಮಾರು 1 ಮೀಟರ್ ಅಗಲದ ಬಳೆ ಆಗುತ್ತದೆ. ಪ್ಲಾಸ್ಟಿಕ್ ಹಗ್ಗ ಬೇಡ, ಮುದುರಿಕೊಂಡು ನೆಲಕ್ಕೆ ಕೂರುವುದಿಲ್ಲ. ನಾಲ್ಕು ಮಕ್ಕಳಿಗೊಂದು ಬಳೆ. ಗುಂಪು ಮಾಡುವುದೇನೂ ನಮಗೆ ಹೊಸದಲ್ಲ; ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಗುಂಪು ಮಾಡಿ ಕಲಿಸುವ ನಲಿಕಲಿ ಪದ್ಧತಿ ಶುರುವಾದದ್ದೇ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಒಂದು ಬಳೆ ಹೊಂಗೆ ಮರದ ಬುಡಕ್ಕೆ, ಒಂದು ನಲ್ಲಿ ಪಕ್ಕದ ತೇವಕ್ಕೆ, ಒಂದು ಬಿಸಿಲ ನೆಲಕ್ಕೆ. ಒಳಗೆ ಕಾಲಿಡುವಂತಿಲ್ಲ. 10 ನಿಮಿಷ, ಒಂದೇ ಪ್ರಶ್ನೆ: ಎಷ್ಟು ಥರದ ಎಲೆ ಇದೆ?

ಜಗಳ ಶುರುವಾಗುತ್ತದೆ. ಹೊಂಗೆಯ ಹಸಿ ಎಲೆ, ತರಗೆಲೆ ಒಂದೋ ಎರಡೋ? ಮೈತುಂಬ ಗುಳ್ಳೆ ಎದ್ದ ಎಲೆ ಬೇರೆ ಮರದ್ದಾ? (ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ ಅದು.) ತಕ್ಷಣ ಉತ್ತರ ಹೇಳಬೇಡಿ, ನರಗಳನ್ನು ಹೋಲಿಸಿ ನೋಡಲಿ. ಬಹಳ ಜನ ಬಿಟ್ಟುಬಿಡುವುದು ಮುಂದಿನ ಹೆಜ್ಜೆಯನ್ನು: ಒಳಗೆ ಬಂದು ಪ್ರತಿ ಬಳೆಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ತೇವದಲ್ಲಿ ಎಷ್ಟು ಹೆಚ್ಚು, ಬಿಸಿಲಲ್ಲಿ ಎಷ್ಟು ಕಡಿಮೆ ಎಂದು ಕಳೆಯಿಸಿ. ಇದಕ್ಕೆ 15 ನಿಮಿಷ ಉಳಿಸಿಕೊಳ್ಳದಿದ್ದರೆ ಮೇಷ್ಟ್ರ ದೂರು ನಿಜವೇ.

4, 5ನೇ ತರಗತಿಗೆ ನೆರಳುಕೋಲು ಚೆನ್ನ. ನೆಲದಿಂದ ಮೇಲೆ 1 ಮೀಟರ್ ಇರುವಂತೆ ಕೋಲು ನೆಟ್ಟು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಟ್ಟಗಿದೆಯಾ ನೋಡಿ. ವಾಲಿದರೆ ಲೆಕ್ಕವೆಲ್ಲ ಕೆಡುತ್ತದೆ. 11.30ರಿಂದ 1.15ರವರೆಗೆ ಕಾಲು ಗಂಟೆಗೊಮ್ಮೆ ಇಬ್ಬರು ಹೋಗಿ ನೆರಳಿನ ತುದಿಗೆ ಕಲ್ಲಿಟ್ಟು ಬಂದರೆ ಸಾಕು. ನೆರಳು ಅತಿ ಗಿಡ್ಡವಾಗುವುದು 12ಕ್ಕಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಹೊತ್ತಿಗೆ, ಮೈಸೂರು ಇರುವುದು ಅದರ ಪಶ್ಚಿಮಕ್ಕೆ, ಸುಮಾರು 76.6ರಲ್ಲಿ; ಹಾಗಾಗಿ ನಮ್ಮಲ್ಲಿ ನಡುಹಗಲು ಸರಾಸರಿ 23 ನಿಮಿಷ ತಡ, ತಿಂಗಳಿಗೆ ತಕ್ಕಂತೆ ಕಾಲು ಗಂಟೆ ಆಚೀಚೆ. ಜೂನ್, ಜುಲೈನಲ್ಲಿ ಸೂರ್ಯ ನಮ್ಮ ಉತ್ತರಕ್ಕಿರುವುದರಿಂದ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಡಿಸೆಂಬರಿನಲ್ಲಿ ಉತ್ತರಕ್ಕೆ. ಎರಡು ಸಲವೂ ಮಾಡಿಸಿ. ವರ್ಷಕ್ಕೊಮ್ಮೆ ಬಸ್ಸು ಮಾಡಿ ರಂಗನತಿಟ್ಟಿಗೆ ಹೋಗಿ ಬರುವುದಕ್ಕಿಂತ ವಾರಕ್ಕೊಂದು ಪಿರಿಯಡ್ ಅಂಗಳವೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ.

ಹಿಂದಿನ ಸಂಜೆಯೇ ಜಾಗ ಸುತ್ತಿ ನೋಡಿ. ಮಳೆಗಾಲದಲ್ಲಿ ನುಗ್ಗೆ ಮರದ ಕಾಂಡಕ್ಕೆ ಕಂಬಳಿಹುಳ ಗುಂಪಾಗಿ ಅಂಟಿರುತ್ತದೆ, ಮುಟ್ಟಿದರೆ ದದ್ದು. ಕಾಂಗ್ರೆಸ್ ಗಿಡ ಕಿತ್ತಿಸುವುದಾದರೆ ಹೂ ಬಿಡುವ ಮೊದಲೇ, ದೊಡ್ಡವರಿಂದ. ಹರಳು, ಗುಲಗಂಜಿ ಬೀಜ ವಿಷ. ಬಾಯಿಗೆ ಏನೂ ಹಾಕಬಾರದು ಎನ್ನುವ ನಿಯಮಕ್ಕೆ ನೇರಳೆ ಹಣ್ಣಿಗೂ ವಿನಾಯಿತಿ ಬೇಡ. ಮಂಡ್ಯ ಕಡೆ ನಾಲೆಯಲ್ಲಿ ನೀರು ಬಿಟ್ಟಿರುವಾಗ ಏರಿ ಮೇಲೆ ಮಕ್ಕಳ ಸಾಲು ಹೊರಡಿಸಲೇಬಾರದು, ಎಷ್ಟು ಜನ ಮೇಷ್ಟ್ರು ಜೊತೆಗಿದ್ದರೂ.